ಹನ್ನೊಂದನೇ ತೆರಪಿನ ದಿಮ್ಮಿಯನ್ನು ಇದ್ದಲ್ಲೇ ಬಿಡಿ

ಕಾಡನ್ನು ಕಡತದಲ್ಲೇ ಓದಿ ಮುಗಿಸಿದ ಮಾನ್ಯ ಅರಣ್ಯಾಧಿಕಾರಿಗಳೇ,

ತಮ್ಮ ಕಚೇರಿಯಿಂದ ಎರಡು ಆದೇಶಗಳು ಹೊರಟಿವೆ. ಹಳೇ ಕಾಡಿನ ತೆರಪುಗಳಲ್ಲಿ ಜೀರುಂಡೆಗಳು ವಿಪರೀತವಾಗಿವೆ, ಆದ್ದರಿಂದ ಅಲ್ಲಿ ಬಿದ್ದಿರುವ ಸತ್ತ ಮರಗಳನ್ನೆಲ್ಲ ಎತ್ತಿ ಸಾಗಿಸಿ ಎಂದಿತು ಮೊದಲನೆಯದು. ಎಂಟು ತಿಂಗಳ ನಂತರ ಬಂದ ಎರಡನೆಯದು, ತೆರಪುಗಳು ಜೀರುಂಡೆಗಳಿಗೆ ಬಹಳ ಒಳ್ಳೆಯವು, ಆದ್ದರಿಂದ ಕಾಡಿನ ನಡುವೆ ಮರ ಕಡಿದು ಇನ್ನೂ ಹನ್ನೆರಡು ತೆರಪುಗಳನ್ನು ಮಾಡಿ ಎನ್ನುತ್ತಿದೆ. ಒಂದರಲ್ಲಿ ಜೀರುಂಡೆ ಶತ್ರು, ಇನ್ನೊಂದರಲ್ಲಿ ನೆಂಟ. ಎರಡರ ಕೊನೆಗೂ ಲಾರಿ ಬರುತ್ತದೆ, ಮರ ಹೋಗುತ್ತದೆ. ಎರಡೂ ಆದೇಶಗಳು ಆಧಾರವಾಗಿ ತೋರಿಸುವುದು ಒಂದೇ ದಾಖಲೆಯನ್ನು. ಅದನ್ನು ಬರೆದವಳು ನಾನು. ಅದಕ್ಕೇ ಈ ಪತ್ರವನ್ನು ತಮ್ಮ ಟಪಾಲು ಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ. ಪೆಟ್ಟಿಗೆಗೆ ಹಾಕಿದ ಪತ್ರ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ವಿಜ್ಞಾನಿಯಲ್ಲ. ಹದಿನೇಳು ವರ್ಷಗಳಿಂದ ಆ ಕಾಡಿನಲ್ಲಿ ಕೀಟದ ಬಲೆಗಳನ್ನು ನೋಡಿಕೊಳ್ಳುವ, ಬಿದ್ದ ಜೀರುಂಡೆಗಳನ್ನು ಎಣಿಸಿ ಬರೆದಿಡುವ ಗುತ್ತಿಗೆ ನೌಕರಳು. ಬಲೆ ಎಂದರೆ ದೊಡ್ಡ ಉಪಕರಣವೇನಲ್ಲ. ಕಿಟಕಿಯಷ್ಟು ದೊಡ್ಡ ಪಾರದರ್ಶಕ ಹಾಳೆ, ಅದರ ಕೆಳಗೆ ಒಂದು ಆಲಿಕೆ, ಆಲಿಕೆಯ ಕೆಳಗೆ ಬಾಟಲಿ. ಹಾರಿಕೊಂಡು ಬಂದ ಜೀರುಂಡೆ ಕಾಣದ ಹಾಳೆಗೆ ಡಿಕ್ಕಿ ಹೊಡೆದು ಬಾಟಲಿಗೆ ಬೀಳುತ್ತದೆ. ಇಂಥ ಇಪ್ಪತ್ತೆರಡು ಬಲೆಗಳಿವೆ. ಹನ್ನೊಂದು ತೆರಪುಗಳಲ್ಲಿ, ಹನ್ನೊಂದು ದಟ್ಟ ನೆರಳಿನಲ್ಲಿ. ಹದಿನೈದು ದಿನಕ್ಕೊಮ್ಮೆ ಬಾಟಲಿಗಳನ್ನು ಬೆನ್ನಿಗೆ ಹೊತ್ತು ತಂದು, ಸಂಶೋಧನಾ ಕೇಂದ್ರದ ಹಿಂದಿನ ಕೋಣೆಯಲ್ಲಿ ಬಿಳಿ ತಟ್ಟೆಗೆ ಸುರಿದು, ಚಿಮುಟದಿಂದ ಒಂದೊಂದನ್ನೇ ಎತ್ತಿ ಬೇರೆ ಮಾಡುವುದು ನನ್ನ ಕೆಲಸ. ಒಂದು ಸಾಲು ಎಣಿಸಿ ತಲೆ ಎತ್ತಿದರೆ ಕತ್ತು ಹಿಡಿದಿರುತ್ತದೆ. ಈ ಕೆಲಸದಲ್ಲಿ ದೃಷ್ಟಿ ಹಾಳಾಗುತ್ತದೆ, ಹಟ ಬೆಳೆಯುತ್ತದೆ. ಎರಡನೆಯದಕ್ಕೆ ಈ ಪತ್ರವೇ ಸಾಕ್ಷಿ.

ಓದುಗರಿಗಾಗಿ ತೆರಪು ಎಂದರೇನು ಎಂದು ಹೇಳಬೇಕು. ಹಳೇ ಕಾಡಿನಲ್ಲಿ ಮರಗಳ ನೆತ್ತಿಗಳು ಒಂದಕ್ಕೊಂದು ತಾಗಿ, ನೆಲಕ್ಕೆ ಬಿಸಿಲು ಬೀಳದ ಹಾಗೆ ಎಲೆಯ ಚಾವಣಿ ಹಾಕಿರುತ್ತವೆ. ಮುನ್ನೂರು ವರ್ಷದ ಒಂದು ಮರ ಗಾಳಿಗೋ, ಒಳಗಿನ ಟೊಳ್ಳಿಗೋ ಬಿದ್ದಾಗ ಅದು ಅಕ್ಕಪಕ್ಕದ ನಾಲ್ಕನ್ನೂ ಎಳೆದುಕೊಂಡು ಬೀಳುತ್ತದೆ. ಚಾವಣಿಯಲ್ಲಿ ತೂತು ಬೀಳುತ್ತದೆ. ಆ ತೂತಿನಿಂದ ಬಿಸಿಲು ಇಳಿದು ಬಿದ್ದ ಮರದ ಮೈ ಕಾಯಿಸುತ್ತದೆ. ಸತ್ತ ಮರದಲ್ಲಿ ಬದುಕುವ ಅನೇಕ ಜೀರುಂಡೆಗಳಿಗೆ ಬೇಕಾದದ್ದು ಇದೇ: ಸತ್ತ ಮರ, ಅದರ ಮೇಲೆ ಬಿಸಿಲು. ಅವು ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತವೆ. ಮರಿಹುಳು ಕತ್ತಲೆಯಲ್ಲಿ ಮರವನ್ನು ಕೊರೆಯುತ್ತಾ, ತಿನ್ನುತ್ತಾ ಬೆಳೆಯುತ್ತದೆ. ಚಿಕ್ಕ ಜಾತಿಗಳಿಗೆ ಒಂದು ವರ್ಷ ಸಾಕು, ಕೆಲವು ದೊಡ್ಡ ಜಾತಿಗಳಿಗೆ ಐದು ವರ್ಷ ಬೇಕು. ಅವು ಜೀವಂತ ಮರದ ತಂಟೆಗೆ ಹೋಗುವುದಿಲ್ಲ. ಸತ್ತದ್ದನ್ನು ಮಣ್ಣು ಮಾಡುತ್ತವೆ, ಅಷ್ಟೇ. ಆ ಮಣ್ಣಿನಲ್ಲಿ ಹೊಸ ಸಸಿ ಏಳುತ್ತದೆ, ಮೂವತ್ತು ವರ್ಷದಲ್ಲಿ ತೂತು ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಕಾಡಿನ ಇನ್ನೊಂದು ಕಡೆ ಇನ್ನೊಂದು ಮುದಿ ಮರ ಬಿದ್ದಿರುತ್ತದೆ. ಜೀರುಂಡೆ ಅಲ್ಲಿಗೆ ಹೋಗುತ್ತದೆ. ಈ ವ್ಯವಸ್ಥೆಗೆ ಅಧಿಕಾರಿ ಬೇಕಿಲ್ಲ ಎಂಬುದೊಂದೇ ಅದರ ದೋಷ.

ಈಗ ನನ್ನ ತಪ್ಪಿಗೆ ಬರುತ್ತೇನೆ. ತಮ್ಮ ತಪ್ಪನ್ನು ಆಮೇಲೆ ನೋಡೋಣ.

ಈ ಎಣಿಕೆ ಶುರು ಮಾಡಿದವರು ನಾವು ದೊಡ್ಡ ಮೇಷ್ಟ್ರು ಎಂದು ಕರೆಯುತ್ತಿದ್ದ ಒಬ್ಬ ಕೀಟತಜ್ಞರು. ಸತ್ತ ಮರದ ಜೀರುಂಡೆಗಳನ್ನು ಎಣಿಸಿ ಬರೆಯಲು ಇಲಾಖೆಯಲ್ಲಿ ನಮೂನೆಯೇ ಇರಲಿಲ್ಲ. ಇದ್ದದ್ದು ಸಸಿತೋಟಗಳಿಗೆ ಮಾಡಿದ ಕೀಟಬಾಧೆಯ ನಮೂನೆ. ಅದರಲ್ಲಿ ದಿನಾಂಕ, ಬಲೆಯ ಸಂಖ್ಯೆ, ಕೀಟಗಳ ಸಂಖ್ಯೆ ಆದಮೇಲೆ ಕೊನೆಯ ಅಂಕಣ: ‘ಬಾಧೆಯ ಪ್ರಮಾಣ’. ಹಾಳೆಯ ಹಿಂದೆ ಸೂಚನೆ: ಇಪ್ಪತ್ತರೊಳಗೆ ‘ಕಡಿಮೆ’, ನೂರರೊಳಗೆ ‘ಮಧ್ಯಮ’, ನೂರು ದಾಟಿದರೆ ‘ತೀವ್ರ’. ಖಾಲಿ ಬಿಟ್ಟರೆ ನಮೂನೆ ವಾಪಸ್ ಬರುತ್ತಿತ್ತು.

“ಸಾರ್, ಇದು ಬಾಧೆ ಅಲ್ವಲ್ಲ. ಹೆಂಗೆ ತುಂಬ್ಲಿ?” ಎಂದು ಮೊದಲ ವರ್ಷವೇ ಕೇಳಿದ್ದೆ.

“ಹೊಸ ಫಾರಂ ಅಚ್ಚು ಹಾಕ್ಸಿ ಅಂತ ಬರೆದಿದೀನಮ್ಮಾ. ಅದು ಬರೋದ್ರಲ್ಲಿ ನಾನೇ ಹೋಗಿರ್ತೀನಿ. ಸೂಚನೇಲಿ ಇದ್ದಂಗೆ ತುಂಬು, ಯಾರು ಓದ್ತಾರೆ?” ಎಂದರು.

ಅವರ ಮಾತಿನ ಮೊದಲರ್ಧ ನಿಜವಾಯಿತು. ಹನ್ನೆರಡನೇ ವರ್ಷ ಅವರು ತೀರಿಕೊಂಡರು, ಫಾರಂ ಇನ್ನೂ ಬಂದಿಲ್ಲ. ‘ಯಾರು ಓದ್ತಾರೆ’ ಎಂದದ್ದು ಮಾತ್ರ ಸುಳ್ಳಾಯಿತು.

ನಾನು ಸೂಚನೆಯಲ್ಲಿದ್ದ ಹಾಗೆಯೇ ತುಂಬಿದೆ. ತೆರಪುಗಳ ಬಲೆಯಲ್ಲಿ ನೂರು ದಾಟುವುದು ಮಾಮೂಲು. ಹಾಗಾಗಿ ವರ್ಷವರ್ಷವೂ ಹನ್ನೊಂದು ತೆರಪುಗಳ ಎದುರು ‘ತೀವ್ರ’ ಎಂದು ಬರೆದೆ. ಸುಳ್ಳೇಕೆ ಹೇಳಲಿ, ಹಿಗ್ಗಿನಿಂದ ಬರೆದೆ. ಮೇಷ್ಟ್ರು ಬಾಗಿಲಲ್ಲಿ ನಿಂತು, “ಏನಮ್ಮಾ, ಈ ಸಲ ತೀವ್ರಾನಾ?” ಎಂದು ಕೇಳುವರು. “ಅತಿ ತೀವ್ರ ಸಾರ್,” ಎನ್ನುವೆ. ಇಬ್ಬರೂ ನಗುತ್ತಿದ್ದೆವು. ನಮಗೆ ಅದು ಕಾಡು ಚೆನ್ನಾಗಿದೆ ಎಂಬ ಸುದ್ದಿ. ಕಾಗದದ ಮೇಲೆ ಅದು ಕಾಡಿಗೆ ರೋಗ ಬಂದಿದೆ ಎಂಬ ಸುದ್ದಿ. ಕಾಗದವನ್ನು ಓದುವವನಿಗೆ ನಮ್ಮ ನಗು ಕೇಳಿಸುವುದಿಲ್ಲ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಳೆದ ವರ್ಷ ತಾವು ಅಧಿಕಾರ ವಹಿಸಿಕೊಂಡಿರಿ, ಕಡತ ತೆರೆಸಿದಿರಿ. ಅಲ್ಲಿ ಹದಿನಾರು ವರ್ಷಗಳ ‘ತೀವ್ರ ಬಾಧೆ’ ಸಾಲಾಗಿ ನಿಂತಿತ್ತು. ತಮ್ಮ ಗುಮಾಸ್ತರು ಅದನ್ನೆಲ್ಲ ಒಂದು ಪಟ್ಟಿಯಾಗಿ ಕೂಡಿಸಿ ತಂದು ನನ್ನ ಮುಂದಿಟ್ಟರು. “ಲೆಕ್ಕ ಸರಿ ಇದ್ಯಾ ನೋಡಿ, ಸೈನ್ ಮಾಡಿಕೊಡಿ. ಅರ್ಜೆಂಟು,” ಎಂದರು. ನಾನು ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಕೂಡಿದೆ. ಎರಡು ಕಡೆ ತಪ್ಪಿತ್ತು, ತಿದ್ದಿದೆ. ಉಳಿದದ್ದು ಸರಿಯಾಗಿತ್ತು. ಸಹಿ ಹಾಕಿದೆ. ಯಾತಕ್ಕೆ ಎಂದು ಕೇಳಲಿಲ್ಲ. ಕೂಡಿದ್ದು ಸರಿಯಿದ್ದರೆ ತನ್ನ ಜವಾಬ್ದಾರಿ ಮುಗಿಯಿತು ಎಂದುಕೊಳ್ಳುವ ಜನರಲ್ಲಿ ನಾನೂ ಒಬ್ಬಳಾಗಿದ್ದೆ.

ಆ ಸಹಿಯ ಮೇಲೆ ನಲವತ್ತು ದಿನಗಳಲ್ಲಿ ಹತ್ತು ತೆರಪುಗಳು ಖಾಲಿಯಾದವು. ಮುಂದಿನ ಸಲ ಬಾಟಲಿ ತರಲು ಹೋದಾಗ ಮೊದಲನೇ ತೆರಪಿನಲ್ಲಿ ನನ್ನ ಬಲೆ ಒಂದೇ ನಿಂತಿತ್ತು. ದಿಮ್ಮಿ ಇದ್ದ ಜಾಗದಲ್ಲಿ ಉದ್ದಕ್ಕೆ ಕಪ್ಪು ಮಣ್ಣಿನ ಗುರುತು, ಎರಡು ಕಡೆ ಟ್ರ್ಯಾಕ್ಟರಿನ ಗಾಲಿಯ ಗುಂಡಿ. ಗುಂಡಿಯಲ್ಲಿ ಸೀಮೆಎಣ್ಣೆಯ ಬಣ್ಣದ ನೀರು. ಬಿಸಿಲು ಮಾತ್ರ ಮೊದಲಿನ ಹಾಗೇ ಬೀಳುತ್ತಿತ್ತು, ಕಾಯಿಸಲು ಮರವಿಲ್ಲದೆ. ಹನ್ನೊಂದನೆಯದೊಂದು ಉಳಿಯಿತು. ಅದು ಕಡಿದಾದ ಇಳಿಜಾರಿನಲ್ಲಿದೆ, ಲಾರಿಗೆ ದಾರಿಯಿಲ್ಲ. ಅಲ್ಲಿ ಹಳೆಯ ದಿಮ್ಮಿಗಳ ಜೊತೆ, ಆರು ವರ್ಷದ ಹಿಂದೆ ಬಿದ್ದ ಒಂದು ಮರವಿದೆ. ಮೂವರು ಕೈ ಹಿಡಿದು ನಿಂತರೂ ತಬ್ಬಲಾಗದ ಮರ. ಕಳೆದ ಎರಡು ವರ್ಷಗಳಲ್ಲಿ ಒಂದು ಉದ್ದ ಮೀಸೆಯ ದೊಡ್ಡ ಜೀರುಂಡೆ ನನಗೆ ಸಿಕ್ಕಿದ್ದು ಆ ತೆರಪಿನಲ್ಲಿ ಮಾತ್ರ. ಮೊದಲು ಅದು ಏಳು ತೆರಪುಗಳಲ್ಲಿ ಸಿಗುತ್ತಿತ್ತು.

ಸಾಗಿಸಿದ ಮರ ಎಲ್ಲಿಗೆ ಹೋಯಿತು ಎಂದು ತಾವು ವಿಚಾರಿಸಿಲ್ಲದಿರಬಹುದು. ನಾನು ವಿಚಾರಿಸಬೇಕಾಗಲಿಲ್ಲ, ಸುದ್ದಿ ಮನೆಗೇ ಬಂತು. ಕಾಡಿನ ಅಂಚಿನಲ್ಲಿ ಮರ ರಾಶಿ ಹಾಕುವ ಅಂಗಳದಲ್ಲಿ ದಿಮ್ಮಿಗಳನ್ನು ಚೂರು ಮಾಡುವ ಯಂತ್ರವಿದೆ. ಅದನ್ನು ನಡೆಸುವವನು ನನ್ನ ಒಡಹುಟ್ಟಿದ ಅಣ್ಣ. ನಾನಿರುವುದು ಅವನ ಮನೆಯಲ್ಲೇ. ಒಂದು ಸಂಜೆ ಅವನು ಊಟದ ಡಬ್ಬಿಯನ್ನು ತೊಳೆಯಲು ಹಾಕದೆ ನನ್ನ ಮುಂದೆ ತಂದಿಟ್ಟ.

“ತಗೋ, ನಿನ್ನ ಮಕ್ಳು,” ಎಂದ.

ಡಬ್ಬಿಯಲ್ಲಿ ಮರದ ಹೊಟ್ಟಿನ ನಡುವೆ ಒಂಬತ್ತು ಮರಿಹುಳುಗಳಿದ್ದವು. ಹೆಬ್ಬೆರಳಿನಷ್ಟು ದಪ್ಪ, ಬೆಣ್ಣೆಯ ಬಣ್ಣ. ಐದು ಸತ್ತಿದ್ದವು. ಅತ್ತಿಗೆ ಅಡುಗೆಮನೆಯಿಂದ ಇಣುಕಿ, “ಅಯ್ಯೋ, ನಾಳೆ ಅದ್ರಲ್ಲೇ ನಾನು ಊಟ ಹಾಕ್ಬೇಕಾ? ಅಣ್ಣ ತಂಗಿ ಇಬ್ರಿಗೂ ಬುದ್ಧಿ ಇಲ್ಲ,” ಎಂದು ಬೈದಳು.

“ಎಷ್ಟಿರ್ತವೆ ಒಂದು ದಿಮ್ಮೀಲಿ?” ಎಂದು ಕೇಳಿದೆ.

“ಎಣಿಸೋದು ನಿನ್ನ ಕೆಲ್ಸ. ನಾನು ಚೂರು ಮಾಡೋನು. ಚೂರು ಒದ್ದೆಯಾಗಿ ಬರ್ತವೆ ಕಣೇ, ಅಷ್ಟು ಗೊತ್ತು.”

ಆಮೇಲೆ ಅವನು ಹೇಳಿದ ಇನ್ನೊಂದು ಮಾತನ್ನು ತಾವು ಗಮನವಿಟ್ಟು ಓದಬೇಕು. ಅದು ಯಾವ ವರದಿಯಲ್ಲೂ ಇಲ್ಲ. “ಒಳಗೆ ಇರೋವು ಹೋಗ್ಲಿ. ಹೊರಗಿಂದ್ಲೂ ಬರ್ತಿದಾವೆ. ಮಧ್ಯಾಹ್ನ ಬಿಸ್ಲು ಏರ್ತಿದ್ದಂಗೆ ಕಾಡಿನ್ ಕಡೆಯಿಂದ ಹಾರ್ಕೊಂಡು ಬಂದು ದಿಮ್ಮಿ ರಾಶಿ ಮೇಲೆ ಕೂತ್ಕೊಳ್ತವೆ. ಹಾಕಿರೋ ದಿಮ್ಮಿ ವಾರದಲ್ಲಿ ಯಂತ್ರಕ್ಕೆ. ಕರೆದು ಕೂರಿಸ್ದಂಗೆ ಆಯ್ತು.”

ನಾನು ನಂಬಲಿಲ್ಲ. ರಜೆ ಹಾಕಿ ಹೋಗಿ ಅಂಗಳದಲ್ಲಿ ಕೂತೆ. ಹನ್ನೊಂದು ಗಂಟೆಯಿಂದ ಎರಡು ಗಂಟೆಯವರೆಗೆ ಒಂದೇ ರಾಶಿಯ ಮೇಲೆ ನಲವತ್ತೊಂದು ಜೀರುಂಡೆಗಳು ಬಂದು ಕೂತವು. ಬಹುಪಾಲು ಹೆಣ್ಣು. ತೊಗಟೆಯ ಸೀಳು ಹುಡುಕಿ, ಬಾಲ ಇಳಿಸಿ ಮೊಟ್ಟೆ ಇಟ್ಟವು. ಅವುಗಳ ದೃಷ್ಟಿಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ: ರಾಶಿ ರಾಶಿ ಸತ್ತ ಮರ, ಮೇಲೆ ತಡೆಯಿಲ್ಲದ ಬಿಸಿಲು. ಕಾಡಿನ ತೆರಪುಗಳಲ್ಲಿ ಮರ ಉಳಿದಿಲ್ಲವಲ್ಲ, ಅವು ಎಲ್ಲಿಗೆ ಹೋಗಬೇಕು? ನನ್ನ ಬಲೆ ವರ್ಷಕ್ಕೆ ಕೆಲವು ಸಾವಿರ ಜೀರುಂಡೆಗಳನ್ನು ಕೊಲ್ಲುತ್ತದೆ, ಆ ಪಾಪ ನನ್ನದು. ತಾವು ಕಾಡಿನ ಅಂಚಿಗೆ ಕಟ್ಟಿರುವ ಬಲೆ ಮುಂದಿನ ತಲೆಮಾರನ್ನೂ ಸೇರಿಸಿ ಕೊಲ್ಲುತ್ತದೆ. ಅದಕ್ಕೆ ಹಾಳೆಯೂ ಬೇಡ, ಬಾಟಲಿಯೂ ಬೇಡ.

ಆಗಲೇ ನಾನು ತಮ್ಮ ಪೆಟ್ಟಿಗೆಗೆ ಆ ಮೊದಲ ಪತ್ರ ಹಾಕಿದ್ದು. ‘ತೀವ್ರ’ ಎಂದರೆ ಬಾಧೆಯಲ್ಲ, ತೆರಪುಗಳು ಜೀರುಂಡೆಗಳಿಗೆ ಒಳ್ಳೆಯವು ಎಂದು ವಿವರಿಸಿ ನಾಲ್ಕು ಪುಟ ಬರೆದೆ. ಉತ್ತರವಾಗಿ ಬಂದದ್ದು ಎರಡನೇ ಆದೇಶ. ನನ್ನ ನಾಲ್ಕು ಪುಟಗಳಿಂದ ತಾವು ಒಂದು ವಾಕ್ಯವನ್ನು ಎತ್ತಿಕೊಂಡು, ಆಧಾರಕ್ಕೆ ಅದೇ ಎಣಿಕೆಯನ್ನು ತೋರಿಸಿದ್ದಿರಿ. ತೆರಪು ಒಳ್ಳೆಯದಾದರೆ ಇನ್ನೂ ಹನ್ನೆರಡು ಇರಲಿ, ಒಂದೊಂದೂ ಅರ್ಧ ಎಕರೆ, ಕಡಿದ ಮರವನ್ನು ‘ವೈಜ್ಞಾನಿಕವಾಗಿ ವಿಲೇವಾರಿ’ ಮಾಡತಕ್ಕದ್ದು. ಅದಕ್ಕಾಗಿ ಕಾಡಿನೊಳಗೆ ರಸ್ತೆ. ರಸ್ತೆ ಹೇಗೂ ಹನ್ನೊಂದನೇ ತೆರಪಿನ ಪಕ್ಕವೇ ಹೋಗುವುದರಿಂದ ‘ಬಾಕಿ ಉಳಿದ’ ಆ ದಿಮ್ಮಿಯೂ ಹೊರಡಲಿ. ಒಬ್ಬಳು ಅರ್ಥ ಮಾಡಿಸಲು ಹೋದರೆ ಅವಳ ಮಾತನ್ನೇ ಗರಗಸ ಮಾಡಿಕೊಳ್ಳುವ ಈ ಜಾಣತನಕ್ಕೆ ಏನೆನ್ನಲಿ?

ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಮೂರು ಸಲವೂ ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ಕೂರಲು ಹೇಳಿದರು. ಕುರ್ಚಿಯ ಮೇಲೆ ಕಡತಗಳಿದ್ದವು, ನಿಂತೇ ಮಾತಾಡಿದೆ.

“ನೀವೇ ಬರೆದಿದ್ದಲ್ವಾ ತೆರಪು ಒಳ್ಳೇದು ಅಂತ? ನಿಮ್ಮ ಮಾತಿಗೆ ಬೆಲೆ ಕೊಟ್ಟಿದೀವಿ. ಈಗ ಬೇಡ ಅಂದ್ರೆ ಹೆಂಗೆ?” ಎಂದರು.

“ಸಾರ್, ಮರ ಬಿದ್ದು ಅಲ್ಲೇ ಇದ್ರೆ ಒಳ್ಳೇದು. ಕಡಿದು ಹೊತ್ಕೊಂಡು ಹೋದ್ರೆ ಅದು ಬರೀ ಬಿಸ್ಲು.”

“ಬಿಸ್ಲೂ ಬೇಕು ಅಂತ ಬರೆದಿದೀರಲ್ಲ, ಎರಡನೇ ಪುಟದಲ್ಲಿ.”

“ನೆರಳೂ ಬೇಕು ಅಂತ ಮೂರನೇ ಪುಟದಲ್ಲಿ ಬರೆದಿದೀನಿ.”

ಅವರು ಪುಟ ತಿರುಗಿಸಲಿಲ್ಲ. ತಿರುಗಿಸಿದ್ದರೆ ಹೀಗೆ ಕಾಣುತ್ತಿತ್ತು: ಹದಿನೇಳು ವರ್ಷದಲ್ಲಿ ಈ ಕಾಡಿನಲ್ಲಿ ಗುರುತಿಸಿದ ಮುನ್ನೂರ ಹನ್ನೆರಡು ಜಾತಿಗಳಲ್ಲಿ ತೊಂಬತ್ನಾಲ್ಕು ತೆರಪಿನಲ್ಲಿ ಮಾತ್ರ ಸಿಕ್ಕಿವೆ. ಐವತ್ತೆಂಟು ದಟ್ಟ ನೆರಳಿನಲ್ಲಿ ಮಾತ್ರ. ನೆರಳಿನವು ಒದ್ದೆಯಾಗಿ ಕೊಳೆಯುವ ಮರದಲ್ಲಿ, ಅಣಬೆಯ ಅಡಿಯಲ್ಲಿ, ನಿಂತೇ ಸತ್ತ ಮರದ ಟೊಳ್ಳಿನಲ್ಲಿ ಬದುಕುವಂಥವು. ಅಂಥ ಟೊಳ್ಳು ಆಗಲು ಮರಕ್ಕೆ ಇನ್ನೂರು ವರ್ಷ ಬೇಕು. ಉಳಿದವು ಎರಡೂ ಕಡೆ ಓಡಾಡುತ್ತವೆ. ಹಳೇ ಕಾಡಿಗೆ ತೆರಪು ಬೇಕು ನಿಜ. ಅಲ್ಲೊಂದು ಇಲ್ಲೊಂದು, ತನ್ನ ಹೊತ್ತಿಗೆ, ಬಿದ್ದ ಮರ ಬಿದ್ದಲ್ಲೇ ಇರುವಂಥದ್ದು. ತಾವು ಮಾಡಹೊರಟಿರುವ ಹನ್ನೆರಡು ತೂತುಗಳಿಂದ ಆ ಐವತ್ತೆಂಟರ ಮನೆ ಹೋಗುತ್ತದೆ, ತೊಂಬತ್ನಾಲ್ಕಕ್ಕೆ ಹೊಸ ಮನೆ ಸಿಗುವುದಿಲ್ಲ. ಎರಡು ಗುಂಪಿಗೂ ಸಮಾನವಾಗಿ ಅನ್ಯಾಯ ಮಾಡುವುದನ್ನು ನಿಷ್ಪಕ್ಷಪಾತ ಎನ್ನುವುದಾದರೆ ಈ ಆದೇಶ ಖಂಡಿತ ನಿಷ್ಪಕ್ಷಪಾತ.

ಸಹಾಯಕರು ಕೊನೆಗೆ ಒಂದು ಹಾಳೆ ಕೊಟ್ಟರು. ‘ಎಣಿಕೆಯ ಅಂಕಿಅಂಶಗಳು ಪ್ರಸ್ತಾವಿತ ಕಾಮಗಾರಿಯನ್ನು ಸಮರ್ಥಿಸುತ್ತವೆ ಎಂದು ದೃಢೀಕರಿಸುತ್ತೇನೆ.’ ಕೆಳಗೆ ನನ್ನ ಹುದ್ದೆಯ ಹೆಸರು, ಸಹಿಗೆ ಗೆರೆ. ಕಾಮಗಾರಿ ಈ ತಿಂಗಳ ಹದಿನಾರನೇ ತಾರೀಕು ಶುರುವಾಗಬೇಕು, ಅದಕ್ಕೆ ಮೊದಲು ಇದು ಕಡತದಲ್ಲಿರಬೇಕು ಎಂದರು. ನನ್ನ ಗುತ್ತಿಗೆಯ ನವೀಕರಣದ ಕಾಗದವೂ ಅದೇ ಮೇಜಿನ ಮೇಲಿತ್ತು. “ಎರಡನ್ನೂ ಒಟ್ಟಿಗೇ ಮುಗಿಸ್ಬಿಡೋಣ,” ಎಂದು ನಕ್ಕರು. ಬೆದರಿಕೆ ಹಾಕಿದರು ಎಂದು ನಾನು ಹೇಳುತ್ತಿಲ್ಲ. ಎರಡು ಕಾಗದ ಒಂದೇ ಮೇಜಿನ ಮೇಲಿದ್ದವು ಎಂದಷ್ಟೇ ಹೇಳುತ್ತಿದ್ದೇನೆ.

ಮನೆಯಲ್ಲಿ ಇದನ್ನು ಹೇಳಿದೆ.

“ಹಾಕ್ಬಿಡು ಸಹಿ,” ಎಂದ ಅಣ್ಣ. “ನೀನು ಹಾಕ್ದಿದ್ರೆ ಇನ್ನೊಬ್ರ ಹತ್ರ ಹಾಕಿಸ್ತಾರೆ. ನಾನು ಯಂತ್ರ ನಿಲ್ಸಿದ್ರೆ ಇನ್ನೊಬ್ಬ ನಡೆಸಲ್ವಾ? ಹಂಗೆ.”

“ನಿಂಗೆ ಏನೂ ಅನ್ಸಲ್ವಾ ಅಣ್ಣಾ?”

“ಅನ್ಸಿದ್ದಕ್ಕೇ ಅಲ್ವೇನೇ ಡಬ್ಬೀಲಿ ತುಂಬ್ಕೊಂಡು ಬಂದಿದ್ದು? ಅನ್ಸಿದ ಮೇಲೆ ಏನ್ ಮಾಡ್ಬೇಕು, ಅದನ್ನ ಹೇಳು.”

ಅತ್ತಿಗೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವತ್ತು ಡಬ್ಬಿಯಲ್ಲಿ ಬದುಕುಳಿದಿದ್ದ ನಾಲ್ಕು ಮರಿಹುಳುಗಳನ್ನು ಮರದ ತುಂಡಿನ ಜೊತೆ ಪೆಟ್ಟಿಗೆಯಲ್ಲಿಟ್ಟು ಸಾಕಲು ನೋಡಿದ್ದೆ. ಮೂರು ವಾರದಲ್ಲಿ ನಾಲ್ಕೂ ಸತ್ತಿದ್ದವು. ಐದು ವರ್ಷ ಬಿಸಿಲು ಕುಡಿದ ಮರದೊಳಗೆ ಬೆಳೆಯುವ ಜೀವ ಮನೆಯ ಮೂಲೆಯಲ್ಲಿ ಬದುಕೀತೇ? ಗೊತ್ತಿದ್ದೂ ಇಟ್ಟುಕೊಂಡಿದ್ದೆ.

ಮಾನ್ಯರೇ, ತಮಗೆ ಅನುಕೂಲವಾಗುವ ಒಂದು ಸಂಗತಿಯನ್ನು ನಾನೇ ತಿಳಿಸಿಬಿಡುತ್ತೇನೆ. ಹದಿನಾರರ ನಂತರ ಆ ಮರಗಳೆಲ್ಲ ಹೋದರೂ ಮುಂದಿನ ವರ್ಷದ ಬಲೆಗಳಲ್ಲಿ ದೊಡ್ಡ ಜೀರುಂಡೆಗಳು ಸಿಗುತ್ತವೆ. ಅದರ ಮುಂದಿನ ವರ್ಷವೂ ಕೆಲವು ಸಿಗುತ್ತವೆ. ಯಾರ ಕಣ್ಣಿಗೂ ಬೀಳದ ಕೊಂಬೆಗಳಲ್ಲಿ, ಮಣ್ಣಿನೊಳಗಿನ ಬೇರುಗಳಲ್ಲಿ ಈ ಹಿಂದೆ ಇಟ್ಟ ಮೊಟ್ಟೆಗಳಿಂದ ಅವು ಬರುತ್ತಲೇ ಇರುತ್ತವೆ. ತಾವು ಆ ಅಂಕಿಗಳನ್ನು ತೋರಿಸಿ ‘ನೋಡಿ, ಏನೂ ಆಗಿಲ್ಲ’ ಎನ್ನಬಹುದು, ಅದು ಸುಳ್ಳೂ ಆಗುವುದಿಲ್ಲ. ಐದನೇ ವರ್ಷ ಬಾಟಲಿ ಖಾಲಿ ಬರುತ್ತದೆ. ಅಷ್ಟರಲ್ಲಿ ತಮಗೆ ಬಡ್ತಿಯೋ ವರ್ಗವೋ ಆಗಿರುತ್ತದೆ. ಹೊಸಬರು ಕಡತ ತೆರೆದು, ಹನ್ನೊಂದು ತೆರಪುಗಳ ಎದುರು ‘ಕಡಿಮೆ’ ಎಂದಿರುವುದನ್ನು ನೋಡಿ ಬಾಧೆ ನಿವಾರಣೆಯಾಗಿದೆ ಎಂದು ಸಂತೋಷಪಡುತ್ತಾರೆ. ನಮೂನೆ ಅದೇ ಇರುತ್ತದಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಇವು. ಮೊದಲ ಪಟ್ಟಿಗೆ ಹಾಕಿದ ಸಹಿಯನ್ನು ನಾನು ಹಿಂತೆಗೆದುಕೊಂಡಿದ್ದೇನೆ, ಅದು ತಮ್ಮ ಕಡತದಲ್ಲಿ ದಾಖಲಾಗಲಿ. ಹತ್ತು ತೆರಪುಗಳಿಗೆ ಅದರಿಂದ ಉಪಯೋಗವಿಲ್ಲ, ನನಗೆ ಗೊತ್ತಿದೆ. ಎರಡನೇ ಹಾಳೆಗೆ ಸಹಿ ಹಾಕುವುದಿಲ್ಲ. ಅದರ ಬದಲಿಗೆ ನನ್ನ ಹೇಳಿಕೆ ಇಲ್ಲಿದೆ: ಹದಿನೇಳು ವರ್ಷಗಳ ಎಣಿಕೆಯಲ್ಲಿ, ಒಂದು ಮರವನ್ನು ಕಡಿಯಲು ಅಥವಾ ಬಿದ್ದ ಒಂದು ಮರವನ್ನು ಸಾಗಿಸಲು ಆಧಾರವಾಗುವ ಒಂದು ಅಂಕಿಯೂ ಇಲ್ಲ. ಹನ್ನೆರಡು ತೆರಪುಗಳ ಆದೇಶವನ್ನು ರದ್ದು ಮಾಡಿ. ಅಂಗಳದ ದಿಮ್ಮಿಗಳನ್ನು ಜೀರುಂಡೆ ಹಾರುವ ತಿಂಗಳುಗಳಲ್ಲಿ ಬಿಸಿಲಿಗೆ ಒಡ್ಡಬೇಡಿ. ಹನ್ನೊಂದನೇ ತೆರಪಿನ ಮರವನ್ನು ಮುಟ್ಟಬೇಡಿ.

ಇಷ್ಟನ್ನೂ ತಾವು ಒಪ್ಪುವುದಿಲ್ಲ ಎಂದಾದರೆ ಒಂದು ಮಾತು ತಿಳಿದಿರಲಿ. ಆ ದಿಮ್ಮಿ ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಅಂಗಳಕ್ಕೆ ಬರುತ್ತದೆ. ಅದನ್ನು ಯಂತ್ರಕ್ಕೆ ಹಾಕುವವನು ನನ್ನ ಅಣ್ಣ. ಅವನು ಹಾಕುತ್ತಾನೆ, ನಾನು ಬೇಡ ಎನ್ನಲಾರೆ. ಅವತ್ತು ಸಂಜೆ ಅವನು ಕೈ ತೊಳೆದು ಬರುತ್ತಾನೆ. ಅತ್ತಿಗೆ ಬಡಿಸುತ್ತಾಳೆ. ನಾವಿಬ್ಬರೂ ಎದುರುಬದುರು ಕೂತು ಉಣ್ಣಬೇಕು. ಅದಾಗದಂತೆ ಮಾಡಲು ತಮ್ಮಿಂದ ಬೇಕಾದದ್ದು ಒಂದೇ ಸಾಲು. ಸಭೆಗೆ ಹೋಗುವ ಮೊದಲು ಬರೆದುಬಿಡಿ.

ಇಂತಿ,
ಲೆಕ್ಕ ಸರಿಯಿದೆಯೇ ಎಂದು ಮಾತ್ರ ನೋಡಿದ,
ಯಾತಕ್ಕೆ ಎಂದು ತಡವಾಗಿ ಕೇಳುತ್ತಿರುವ
ಎಣಿಕೆಯವಳು